ಎರಡು ಓಟಗಳ ನಡುವಿನ ನಡಿಗೆ

ಗೆಂಡೆಹಳ್ಳಿ ಉಗ್ರಪ್ಪನವರ ಮಗಳು ಜಿ.ಯು. ಲತಾಮಣಿ. ನಾನು ಹೇಳಹೊರಟಿರುವ ಸಂಗತಿ ಮೊದಲಾದದ್ದು 1997ರ ಕೊನೆಯಲ್ಲಿ. ಆಗ ಅವಳ ವಯಸ್ಸು ಮೂವತ್ತಮೂರು. ಬೇಲೂರು ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ತಂದೆ ಟಪಾಲು ಹಂಚಿ ನಿವೃತ್ತರಾದವರು. ಆ ಸುತ್ತಿನಲ್ಲಿ ಮೊದಲು ಬೌದ್ಧ ದೀಕ್ಷೆ ಪಡೆದ ಕೆಲವೇ ಮನೆಗಳಲ್ಲಿ ಒಂದರ ಯಜಮಾನರು. ತಾಯಿ ಮುತ್ತಮ್ಮ. ಗಂಡ ರವಿಕುಮಾರ್ ಜಾವಗಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಮಗ ಸಮ್ಯಕ್ ಆಗ ಒಂದನೆಯ ತರಗತಿ. ಮನೆಯ ಹಿರಿಯರು ಅತ್ತೆ ಸಣ್ಣತಾಯಮ್ಮ. ಹಳೇಬೀಡಿನಾಚೆಯ ಹಳ್ಳಿಯೊಂದರಲ್ಲಿ ಬಹುಕಾಲ ಕಂಡವರ ಗದ್ದೆಗಳಲ್ಲಿ ಕೂಲಿ ಮಾಡಿ, ಮಗನಿಗೆ ನೌಕರಿಯಾದ ಮೇಲೆ ಬೇಲೂರಿಗೆ ಬಂದು ನೆಲೆಸಿದವರು.

ಅದೇ ಕಚೇರಿಯಲ್ಲಿ ನಾನು ಅವಳಿಗಿಂತ ಬಹಳ ಹಿರಿಯಳು. ಸಂಜೆಯ ತರಗತಿಗಳಲ್ಲಿ ಓದಿ ಮೇಲೆ ಬಂದ ನನಗೆ ಆಟೋಟಗಳಿಗೆ ಬಿಡುವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಆದರೆ ಕಚೇರಿಯ ಮಹಿಳೆಯರನ್ನು ಹಾಸನದ ಕ್ರೀಡಾಕೂಟಕ್ಕೆ ಕರೆದೊಯ್ಯುವ ಹೊಣೆ ಆ ವರ್ಷಗಳಲ್ಲಿ ನನ್ನದಾಗಿತ್ತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಕಣ್ಣಾರೆ ಕಂಡದ್ದನ್ನೂ, ಆ ಅತ್ತೆ ಸೊಸೆಯರ ಬಾಯಿಂದ ಕೇಳಿದ್ದನ್ನೂ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಲತಾಮಣಿ ಹೈಸ್ಕೂಲಿನಲ್ಲಿಯೇ ಓಟಗಾತಿ. ಆದರೆ ಒಂಟಿ ಓಟಗಾತಿಯಲ್ಲ. ಶಾಲೆಯ ವ್ಯಾಯಾಮದ ಮೇಷ್ಟ್ರು ಸಂಪತ್ಕುಮಾರ್ ಅವರು ದೇವಸ್ಥಾನದ ಸೇವೆಯ ಮನೆತನದವರು. ಅವರ ಮಗಳು ಮೇಧಿನಿ ಲತಾಮಣಿಯ ಸಹಪಾಠಿ. ಇಬ್ಬರೂ ಒಟ್ಟಿಗೇ ಅಭ್ಯಾಸ ಮಾಡುತ್ತಿದ್ದರು, ಒಟ್ಟಿಗೇ ಸ್ಪರ್ಧಿಸುತ್ತಿದ್ದರು. ಮೇಧಿನಿ ಮುಂದೆ, ಇವಳು ಹಿಂದೆ. ಮೇಧಿನಿಯ ಜಡೆ ಎಡಕ್ಕೂ ಬಲಕ್ಕೂ ತೂಗುವುದನ್ನು ನೋಡುತ್ತಲೇ ಇವಳ ಕಾಲುಗಳು ಲಯ ಹಿಡಿಯುತ್ತಿದ್ದವು. ಮೇಧಿನಿ ಮೊದಲು ಬಂದರೆ ಇವಳು ಎರಡನೆಯವಳು. ಮೇಧಿನಿಗೆ ಜ್ವರ ಬಂದ ವರ್ಷ ಇವಳು ಕೊನೆಯವಳು. "ಆ ಹುಡುಗಿಗೆ ಮುಂದೆ ಒಂದು ಬೆನ್ನಿರಬೇಕು" ಎಂದು ಆಗ ಯಾರೋ ಆಡಿದ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಮೇಧಿನಿ ಮದುವೆಯಾಗಿ ಮೈಸೂರು ಸೇರಿದಳು. ಮೇಷ್ಟ್ರಿಗೆ ಅರಸೀಕೆರೆಗೆ ವರ್ಗವಾಯಿತು. ಲತಾಮಣಿಗೆ ನೌಕರಿ, ಮದುವೆ, ಮಗು ಆದವು. ಹದಿನೈದು ವರ್ಷ ಅವಳು ಬಸ್ಸು ಹಿಡಿಯಲು ಓಡಿದ್ದು ಬಿಟ್ಟರೆ ಬೇರೆ ಓಡಲಿಲ್ಲ.

ನೌಕರರ ಕ್ರೀಡಾಕೂಟದ ಸುತ್ತೋಲೆ ಬಂದಾಗ ಹೆಂಗಸರ ಎಂಟುನೂರು ಮೀಟರ್ ಓಟಕ್ಕೆ ಅವಳು ತಾನಾಗಿಯೇ ಹೆಸರು ಕೊಟ್ಟಳು. ಜಿಲ್ಲೆಯಲ್ಲಿ ಮೊದಲಿಬ್ಬರಾಗಿ ಬಂದವರು ರಾಜ್ಯಮಟ್ಟಕ್ಕೆ ಹೋಗುತ್ತಿದ್ದರು. ಮೂವತ್ತೈದು ತುಂಬಿದವರನ್ನು ಹಿರಿಯರ ವಿಭಾಗಕ್ಕೆ ಸೇರಿಸುತ್ತಿದ್ದರು. ಅಲ್ಲಿ ಹೆಂಗಸರಿಗೆ ಬಿರುಸಿನ ನಡಿಗೆ, ಗುಂಡು ಎಸೆತ ಇವಷ್ಟೇ, ಈ ಓಟವಿರಲಿಲ್ಲ. ಅವಳಿಗೆ ಉಳಿದಿದ್ದದ್ದು ಎರಡೇ ಅವಕಾಶ. "ಅಕ್ಕಾ, ಒಂದು ಸಲ ಯಾರ ಬೆನ್ನೂ ನೋಡದೆ ನಾನೇ ಓಡಿ ರಾಜ್ಯಕ್ಕೆ ಹೋಗ್ಬೇಕು. ಆಮೇಲೆ ಬಿಟ್ಟುಬಿಡ್ತೀನಿ" ಎಂದು ನನ್ನ ಮೇಜಿನ ಮುಂದೆ ನಿಂತು ಹೇಳಿದಳು. ನಾನು ಹೆಸರು ಬರೆದುಕೊಂಡೆ. ಕೆಲಸ ಕೆಡದಿದ್ದರೆ ಆಯಿತು ಎಂದಷ್ಟೇ ಹೇಳಿದೆ.

ಒಂದು ಭಾನುವಾರ ಅವಳು ಅರಸೀಕೆರೆಗೆ ಹೋಗಿ ಮೇಷ್ಟ್ರನ್ನು ಕಂಡು ಬಂದಳು. ಅವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಹೇಳಿಕೊಟ್ಟರಂತೆ.

"ಎಂಟುನೂರು ಓಡೋಕೆ ದಿನಾ ಎಂಟುನೂರು ಓಡೋದಲ್ಲ ಕಣಮ್ಮ. ಒಂದು ಸುತ್ತು ಜೋರಾಗಿ ಓಡು, ನಿಲ್ಲು. ಉಸಿರು ಅರ್ಧ ಇಳಿಯೋ ಹೊತ್ತಿಗೆ ಮತ್ತೆ ಓಡು. ಪೂರ್ತಿ ಇಳಿಯೋಕೆ ಬಿಡಬೇಡ. ದಣಿದ ಮೈಗೆ ಓಡೋದನ್ನ ಕಲಿಸೋದು ಅಂದ್ರೆ ಇದು. ಇಂಟರ್‌ವಲ್ ಟ್ರೈನಿಂಗ್ ಅಂತಾರೆ."

"ವಾಚ್ ನೋಡ್ಕೊಂಡು ಮಾಡ್ತೀನಿ ಸಾರ್."

"ವಾಚ್ ಬೇಡ, ಜೊತೆಗೆ ಒಬ್ಬರು ಇರಲಿ. ದಣಿದಿರೋರಿಗೆ ತಮ್ಮ ಮೇಲೆ ತಮಗೆ ಕರುಣೆ ಜಾಸ್ತಿ. ಬೇರೆಯವರೇ ಎಬ್ಬಿಸಬೇಕು."

ಜೊತೆ ಹುಡುಕುವುದೇ ಮೊದಲ ಕಷ್ಟವಾಯಿತು. ಕಾಲೇಜು ಮೈದಾನದಲ್ಲಿ ಪೊಲೀಸ್ ಆಯ್ಕೆಗೆಂದು ಓಡುವ ಗಂಡಸರಿದ್ದರು. ಆದರೆ ಕಚೇರಿಯ ಹೆಣ್ಣುಮಗಳೊಬ್ಬಳು ಅವರ ಜೊತೆ ಓಡಿದರೆ, ನಮ್ಮಂಥ ಊರಿನಲ್ಲಿ ಅವಳಿಗಿಂತ ಮೊದಲು ಮಾತು ಗುರಿ ಮುಟ್ಟುತ್ತದೆ. ಖಜಾನೆಯ ಕಮಲಾಕ್ಷಮ್ಮ ಮೈ ಇಳಿಸುವ ಆಸೆಯಿಂದ ಎರಡು ಬೆಳಿಗ್ಗೆ ಬಂದರು. ಅರ್ಧ ಸುತ್ತಿಗೆ ಗೋಲುಕಂಬವನ್ನು ತಬ್ಬಿ ನಿಂತು, "ನೀನು ಓಡು ಕಣೇ ಲತಾ, ನಿನ್ನ ಪಾಲಿನ ಏದುಸಿರನ್ನ ನಾನು ಬಿಡ್ತೀನಿ" ಎಂದರು. ಮೂರನೆಯ ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆಯಲಿಲ್ಲ.

ಕತ್ತಲು ಹರಿಯುವ ಮುಂಚೆ ಹೆಂಡತಿ ಒಬ್ಬಳೇ ಮೈದಾನಕ್ಕೆ ಹೋಗುವುದು ರವಿಕುಮಾರನಿಗೆ ಒಪ್ಪಿಗೆಯಾಗಲಿಲ್ಲ. ಅವನು ಕೆಟ್ಟವನಲ್ಲ, ಮಗುವಿಗೆ ಸ್ನಾನ ಮಾಡಿಸಿ, ಚಿತ್ರಾನ್ನ ಕಲಸಿಟ್ಟು, ಜಾವಗಲ್ ಬಸ್ಸು ಹಿಡಿಯುತ್ತಿದ್ದವನು. ಆದರೂ ಹೆದರಿಕೆ ಹೆದರಿಕೆಯೇ. ಆಗ ಸಣ್ಣತಾಯಮ್ಮ ಸೆರಗಿನಿಂದ ಕಿವಿ ಮುಚ್ಚಿ ಕಟ್ಟಿಕೊಂಡು, "ನಾ ಬತ್ತೀನಿ ಬಾರವ್ವ. ಸುಮ್ನೆ ಕುಂತ್ಕಳಕಾಯ್ತದಾ, ಅವರೆಕಾಯಿ ತಕ್ಕೊಂಡ್ ಬತ್ತೀನಿ" ಎಂದರು.

ಹೀಗೆ ಒಂದು ಏರ್ಪಾಡಾಯಿತು. ಸಣ್ಣತಾಯಮ್ಮ ಮೈದಾನದ ಅಂಚಿನ ಕಲ್ಲಿನ ಮೇಲೆ ಮೊರವಿಟ್ಟುಕೊಂಡು ಕೂರುವರು. ಲತಾಮಣಿ ಒಂದು ಸುತ್ತು ಜೋರಾಗಿ ಓಡಿ ಬಂದು ನಿಲ್ಲುವಳು. ಅವಳು ನಿಂತ ಕೂಡಲೇ ಅತ್ತೆ ಒಂದು ಬೊಗಸೆ ಅವರೆಕಾಯಿಯನ್ನು ಮೊರಕ್ಕೆ ಸುರಿದುಕೊಂಡು ಸುಲಿಯಲು ತೊಡಗುವರು; ಅದು ಮುಗಿದಾಗ "ಆಯ್ತು, ಓಡ್ ಮಗಾ" ಎನ್ನುವರು. ಒಂದು ಬೊಗಸೆ ಕಾಯಿ ಸುಲಿಯುವ ಹೊತ್ತು ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಹೋಗುತ್ತದೆ ಎಂದು ಲತಾಮಣಿ ಮನೆಯಲ್ಲಿ ಗಡಿಯಾರವಿಟ್ಟು ನೋಡಿಕೊಂಡಿದ್ದಳು. ಓಟವೂ ಆಯಿತು, ಸಾರಿಗೆ ಕಾಳೂ ಆಯಿತು. ನಾನು ಇದನ್ನು ಮೆಚ್ಚಿದೆ. ಹೊತ್ತು ವ್ಯರ್ಥವಾಗದ ಯಾವ ಏರ್ಪಾಡನ್ನೂ ನಾನು ಮೆಚ್ಚುತ್ತೇನೆ.

ಬೆಳಗಿನ ನಡಿಗೆಗೆ ಬರುತ್ತಿದ್ದ ನಿವೃತ್ತ ಕಂಡಕ್ಟರ್ ಗಿಡ್ಡಪ್ಪನವರಿಗೆ ಇದೊಂದು ತಮಾಷೆ. "ಏನವ್ವಾ ಸಣ್ಣತಾಯಿ, ಸೊಸೆನ ಓಡಿಸ್ಬುಟ್ಟು ನೀನು ಹಾಯಾಗಿ ಕಾಯಿ ಸುಲೀತಿದೀಯಲ್ಲ."

"ಎಲ್ಲಾರ ಮನ್ಯಾಗೂ ಅತ್ತೆ ಸೊಸೆನ ಓಡುಸ್ತಾಳೆ ಕಣಪ್ಪ. ನಾನು ಬಯಲ್ನಾಗೆ ಓಡುಸ್ತೀನಿ, ಅಷ್ಟೇಯ."

ದಿನ ಕಳೆದಂತೆ ಲತಾಮಣಿಯ ಮುಖ ಹೊಳೆಯತೊಡಗಿತು. ಮೊದಲ ಸುತ್ತು ಎಷ್ಟು ಬಿರುಸೋ ಕೊನೆಯ ಸುತ್ತೂ ಅಷ್ಟೇ ಬಿರುಸು. ಕಾಲು ಸೋಲುತ್ತಿರಲಿಲ್ಲ, ಎದೆ ಉರಿಯುತ್ತಿರಲಿಲ್ಲ. "ಮೇಷ್ಟ್ರ ಲೆಕ್ಕ ನನಗೆ ಸಲೀಸಾಗಿ ಬಂತು ಅಕ್ಕಾ" ಎಂದಳು. ಸಲೀಸಾಗಿ ಬರುವ ವಿದ್ಯೆಯ ಬಗ್ಗೆ ನನಗೆ ಯಾವಾಗಲೂ ಸಂಶಯ.

ಜನವರಿಯಲ್ಲಿ ಹಾಸನದ ಕ್ರೀಡಾಂಗಣದಲ್ಲಿ ಓಟ ನಡೆಯಿತು. ಎರಡು ಸುತ್ತು. ಶಿಳ್ಳೆ ಊದಿದ ಕ್ಷಣದಿಂದ ಲತಾಮಣಿಯೇ ಮುಂದೆ. ಮೊದಲ ಸುತ್ತು ಮುಗಿಯುವಾಗ ಉಳಿದವರಿಗೂ ಅವಳಿಗೂ ನಡುವೆ ಒಂದು ಲಾರಿ ನಿಲ್ಲಿಸುವಷ್ಟು ಜಾಗವಿತ್ತು. ನಮ್ಮ ಕಚೇರಿಯವರು ಎದ್ದು ನಿಂತರು. ಎರಡನೆಯ ಸುತ್ತಿನ ಮೊದಲ ತಿರುವು ದಾಟಿದ್ದೇ ತಡ, ಅವಳ ಭುಜಗಳು ಮೇಲೆದ್ದವು. ಕಾಲುಗಳು ಹಸಿಮಣ್ಣಿನಲ್ಲಿ ಹೂತಂತೆ ಭಾರವಾದವು. ಒಬ್ಬಳು ದಾಟಿದಳು, ಇನ್ನೊಬ್ಬಳು ದಾಟಿದಳು. ಐದನೆಯವಳಾಗಿ ಬಂದು, ಗೆರೆ ದಾಟಿ, ಯಾರನ್ನೂ ನೋಡದೆ ವ್ಯಾನಿನೊಳಗೆ ಹೋಗಿ ಕುಳಿತಳು.

ಕಾರಣ ಅವಳಿಗೆ ಹೊಳೆಯಲಿಲ್ಲ. ಮುಂದಿನ ಭಾನುವಾರ ಅರಸೀಕೆರೆಗೆ ಹೊರಟಳು. ಮೇಷ್ಟ್ರ ಮನೆಗೆಂದು ಒಂದು ಚೀಲ ಅವರೆಕಾಯಿ ಹಿಡಿದು ಸಣ್ಣತಾಯಮ್ಮನೂ ಹೊರಟರು. ಹಳೇಬೀಡು, ಜಾವಗಲ್ ದಾಟುವವರೆಗೂ ಅತ್ತೆ ಸೊಸೆಯನ್ನು ಸಮಾಧಾನ ಮಾಡುತ್ತಲೇ ಇದ್ದರಂತೆ.

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. "ಬೇಲೂರಲ್ಲಿ ಮಾಡ್ತಿದ್ದ ಹಾಗೇ ಇಲ್ಲೂ ಮಾಡಿ ತೋರಿಸು" ಎಂದು ತಮ್ಮ ಶಾಲೆಯ ಮೈದಾನಕ್ಕೆ ಕರೆದೊಯ್ದರು. ಸಣ್ಣತಾಯಮ್ಮನಿಗೆ ಒಂದು ಕುರ್ಚಿ ಹಾಕಿಸಿದರು. ಅವರು ಅದನ್ನು ಬಿಟ್ಟು ನೆಲದ ಮೇಲೆ ಕುಳಿತರು. ಲತಾಮಣಿ ಸುತ್ತು ಮುಗಿಸಿ ಬಂದು ಮೊಣಕಾಲಿನ ಮೇಲೆ ಕೈಯೂರಿ ಬಾಗಿ ನಿಂತಳು. ಸಣ್ಣತಾಯಮ್ಮ ಬೊಗಸೆ ಕಾಯಿ ಸುಲಿದರು. ಮುಗಿಯಿತು. ಆದರೆ ಬಾಯಿ ತೆರೆಯಲಿಲ್ಲ. ತಲೆಯೆತ್ತಿ ಸೊಸೆಯ ಪಕ್ಕೆಗಳನ್ನು ನೋಡಿದರು. ಪಕ್ಕೆ ಇನ್ನೂ ಏರಿಳಿಯುತ್ತಿತ್ತು. ಸದ್ದಿಲ್ಲದೆ ಚೀಲಕ್ಕೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದು ಸುಲಿದರು. ಮತ್ತೆ ನೋಡಿದರು. ಮತ್ತೊಂದು ಹಿಡಿ. ಪಕ್ಕೆ ನಿಂತ ಮೇಲೆಯೇ, "ಆಯ್ತು, ಓಡ್ ಮಗಾ."

ಬಾಗಿ ನಿಂತವಳ ಕಣ್ಣು ನೆಲದ ಮೇಲೆ. ಅತ್ತೆ ತೆಗೆಯುತ್ತಿದ್ದ ಆ ಹೆಚ್ಚಿನ ಹಿಡಿಗಳು ಅಷ್ಟು ದಿನವೂ ಅವಳಿಗೆ ಕಂಡಿರಲಿಲ್ಲ.

ಮೇಷ್ಟ್ರು ನಕ್ಕುಬಿಟ್ಟರು. ಆಮೇಲೆ ಸಣ್ಣತಾಯಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, "ಏನಮ್ಮಾ, ಹೀಗೆ ಮಾಡ್ತಿದ್ರಾ ದಿನಾ?" ಎಂದರು.

"ಇನ್ನೆಂಗ್ ಮಾಡ್ಲಿ ಸ್ವಾಮಿ? ಪಕ್ಕೆ ಆಡ್ತಿರೋ ಎತ್ತಿಗೆ ನೊಗ ಇಕ್ಬಾರ್ದು. ಹೊಲ್ದ ತುದೀಲಿ ನಿಲ್ಸಿ, ಪಕ್ಕೆ ತಣ್ಣಗಾದ್ಮ್ಯಾಕೆ ಮತ್ತೆ ಸಾಲು ಹಿಡೀಬೇಕು. ನಮ್ಮೋರು ಯಾರೂ ಅದ್ನ ಮೀರಾಕಿಲ್ಲ. ದನಕ್ಕೇ ಹಂಗಿರೋವಾಗ ಮನ್ಸರಿಗೆ ಬ್ಯಾಡ್ವಾ?"

"ನಿಮ್ಮ ಮಾತು ಎತ್ತಿಗೆ ಸರಿ. ಎತ್ತು ಸಾಯಂಕಾಲದವರೆಗೂ ಉಳಬೇಕು. ಇವಳು ಎರಡೇ ಸುತ್ತು, ಅದೂ ನಡುವೆ ನಿಲ್ಲದೆ ಓಡಬೇಕು. ಪೂರ್ತಿ ದಣಿವು ಆರಿಸಿಕೊಂಡು ಓಡಿದ್ದರಿಂದ ಇವಳಿಗೆ ವೇಗ ಬಂತು, ತಾಳಿಕೆ ಬರಲಿಲ್ಲ. ಹಾಸನದಲ್ಲಿ ಮೊದಲನೇ ಸುತ್ತು ಆದ ಮೇಲೆ ಇವಳ ಮೈ ಕಾಯ್ತಾ ಇದ್ದಿದ್ದು ನಿಮ್ಮ ಅವರೆಕಾಯನ್ನ."

ಸಣ್ಣತಾಯಮ್ಮ ಸುಲಿದ ಕಾಳನ್ನು ಮೇಷ್ಟ್ರ ಹೆಂಡತಿಗೆ ಕೊಟ್ಟು ಬಸ್ ನಿಲ್ದಾಣಕ್ಕೆ ನಡೆದರು.

ಬೇಲೂರಿಗೆ ಬಂದ ರಾತ್ರಿ ಗೋಡೆಯಾಚೆ ಮಾತು ಜೋರಾಯಿತು. ಆ ಮನೆಯಲ್ಲಿ ನಾನು ಮೊದಲ ಸಲ ಅಂಥ ದನಿ ಕೇಳಿದೆ.

"ನನಗೆ ಒಂದು ವರ್ಷ ಹೋಯ್ತು ಅತ್ತೆ. ಉಳಿದಿರೋದು ಇನ್ನೊಂದೇ. ಹೇಳಿದಷ್ಟು ಮಾಡಿದ್ರೆ ಸಾಕಾಗಿತ್ತು. ಏಳು ಅನ್ನೋ ಒಂದು ಮಾತು ನಿಮಗೆ ಅಷ್ಟು ಭಾರವಾ?"

ಆಮೇಲೆ ಸಣ್ಣತಾಯಮ್ಮನ ದನಿ, ತಗ್ಗಿಸಿದ ದನಿ.

"ಭಾರವೇ ಕಣವ್ವ. ನಾಟಿ ಕಾಲ್ದಾಗೆ ಸೊಂಟ ನೆಟ್ಟಗೆ ಮಾಡ್ದೇಟ್ಗೆ ಗದ್ದೆಯೋರು ಬದಿನ ಮ್ಯಾಲಿಂದ ಕೂಗೋರು, ಬಗ್ಗೇ ಅಂತ. ನೀರು ಕುಡ್ಯಾಕೆ ಕುಂತ್ರೆ ಕೂಗೋರು, ಏಳೇ ಅಂತ. ರವಿ ಹೊಟ್ಟ್ಯಾಗಿದ್ದಾಗ್ಲೂ ಅಷ್ಟೇಯ. ನನ್ನ ಉಸಿರು ಎಲ್ಲಿಗಂಟ ಐತೆ ಅಂತ ಒಬ್ರೂ ತಿರುಗಿ ನೋಡ್ನಿಲ್ಲ. ಆ ಮಾತ ಕೇಳಿ ಕೇಳಿ ನನ್ ಕಿವಿ ಸವೆದೈತೆ. ಅದ್ನ ನನ್ ಬಾಯಿಗೆ ಹಾಕ್ಬ್ಯಾಡ. ಏದುಸಿರು ಬಿಡೋ ಹೆಣ್ಣಿಗೆ ಏಳು ಅಂತ ನಾ ಅನ್ನಕಿಲ್ಲ. ಬ್ಯಾರೆ ಯಾರ್ನಾರ ಕರ್ಕಂಡೋಗು."

ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು.

ಅಂದಿನಿಂದ ಲತಾಮಣಿ ಒಬ್ಬಳೇ ಓಡಿದಳು. ಬೆಳಕು ಹರಿದ ಮೇಲೆ ಹೋಗುವುದೆಂದು ಗಂಡನನ್ನು ಒಪ್ಪಿಸಿದಳು. ಕೈಗಡಿಯಾರ ಕಟ್ಟಿಕೊಂಡಳು. ಅದು ಹೆಂಗಸರ ಪುಟ್ಟ ಗಡಿಯಾರ. ಬೆವರಿಳಿಯುವ ಕಣ್ಣಿಗೆ ಅದರ ಮುಳ್ಳು ಒಂದು ಸಲ ಒಂದು ಕಡೆ, ಇನ್ನೊಂದು ಸಲ ಇನ್ನೊಂದು ಕಡೆ ಕಾಣುತ್ತಿತ್ತು. ಅದನ್ನು ಬಿಚ್ಚಿಟ್ಟು, ಮನೆಯಲ್ಲಿ ದಿನವೂ ಹೇಳುವ ತ್ರಿಶರಣ, ಪಂಚಶೀಲಗಳನ್ನು ಮನಸ್ಸಿನಲ್ಲಿ ಹೇಳಿಕೊಂಡು, ಮುಗಿದ ಕೂಡಲೇ ಓಡುವ ಪದ್ಧತಿ ಮಾಡಿಕೊಂಡಳು. ಇದು ಚೆನ್ನಾಗಿಯೇ ಕಂಡಿತು. ಆದರೆ ಉಸಿರು ಹೆಚ್ಚಿದಷ್ಟೂ ಮನಸ್ಸೂ ಅವಸರಪಡುತ್ತದೆ. ಮೊದಲ ಸುತ್ತಿನ ಬಳಿಕ ನಿಧಾನವಾಗಿ ಹೇಳಿದ ಶೀಲಗಳು ಮೂರನೆಯ ಸುತ್ತಿನ ಬಳಿಕ ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಬಿಡುವು ಕಿರಿದಾಯಿತು, ತಲೆ ಸುತ್ತಿತು, ಒಂದು ದಿನ ಗೋಲುಕಂಬದ ಬಳಿ ವಾಂತಿ ಮಾಡಿಕೊಂಡಳು. ಮರುದಿನ ಹೆದರಿ ಬಿಡುವನ್ನು ಉದ್ದ ಮಾಡಿದಳು. ಅದರ ಮರುದಿನ ನಾಚಿ ಕಿರಿದು ಮಾಡಿದಳು. ದಣಿದವರ ಕೈಗೆ ದಣಿವಿನ ಅಳತೆಯನ್ನು ಕೊಡಬಾರದು, ಬೇರೆಯವರೇ ಎಬ್ಬಿಸಬೇಕು ಎಂದು ಮೇಷ್ಟ್ರು ಹೇಳಿದ್ದರ ಅರ್ಥ ಅವಳಿಗೆ ಆಗ ಆಯಿತು. ಮಳೆ ಹಿಡಿಯಿತು, ಮೈದಾನ ಕೆಸರಾಯಿತು, ಅಭ್ಯಾಸ ನಿಂತಿತು.

ಮತ್ತೆ ನೆಲ ಗಟ್ಟಿಯಾಗಿ ಅವಳು ಓಡಲು ತೊಡಗಿದ ಎರಡನೆಯ ವಾರವಿರಬೇಕು. ಒಂದು ಬೆಳಿಗ್ಗೆ ಸಣ್ಣತಾಯಮ್ಮ ಕರೆಯದೆಯೇ ಹಿಂದೆ ಬಂದರು. ಕೈಯಲ್ಲಿ ಮೊರವಿಲ್ಲ, ಚೀಲವಿಲ್ಲ. ನಾನೂ ಅಂದು ಹಾಲಿಗೆ ಹೊರಟವಳು ದಾರಿಯಲ್ಲಿ ನಿಂತು ನೋಡಿದೆ. ಲತಾಮಣಿ ಒಂದು ಸುತ್ತು ಓಡಿ ಬಂದು ಗೋಲುಕಂಬದ ಬಳಿ ಬಾಗಿ ನಿಂತಳು. ಆ ಕಂಬದ ಬುಡದಲ್ಲಿ ಕುಳಿತಿದ್ದ ಸಣ್ಣತಾಯಮ್ಮ ಎದ್ದು, ಮೈದಾನದ ನಡುವೆ ಎದುರಿನ ಗೋಲುಕಂಬದ ಕಡೆಗೆ ನಡೆಯತೊಡಗಿದರು. ಮೊಣಕಾಲು ನೋವಿನವರು, ಒಂದು ಕಡೆಗೆ ವಾಲಿ ವಾಲಿ ನಡೆದರು.

"ಎಲ್ಲಿಗೆ ಅತ್ತೆ?"

ಅವರು ತಿರುಗಲಿಲ್ಲ. "ನಾ ಏಳು ಅನ್ನಕಿಲ್ಲ. ನಾ ನಡೀತೀನಿ. ಆ ಕಂಬ ಮುಟ್ತೀನಿ. ನೋಡ್ಕಳದು ಬಿಡದು ನಿಂಗ್ ಸೇರಿದ್ದು."

ಲತಾಮಣಿ ನೋಡಿದಳು. ಅತ್ತೆಯ ಕೈ ಆಚೆಯ ಕಂಬವನ್ನು ಮುಟ್ಟಿದಾಗ ಅವಳ ಪಕ್ಕೆ ಇನ್ನೂ ಆಡುತ್ತಿತ್ತು. ಓಡಿದಳು. ಅವಳು ಸುತ್ತು ಮುಗಿಸುವವರೆಗೆ ಸಣ್ಣತಾಯಮ್ಮ ಆ ಕಂಬದ ಬುಡದಲ್ಲಿ ಕುಳಿತು ತಮ್ಮ ದಣಿವಾರಿಸಿಕೊಂಡರು. ಅವಳು ನಿಂತಾಗ ಅವರು ಎದ್ದು ಈ ಕಡೆಗೆ ನಡೆದರು. ಒಬ್ಬರ ಬಿಡುವು ಇನ್ನೊಬ್ಬರ ಕೆಲಸವಾಯಿತು. ಮೈದಾನದಲ್ಲಿ ಇಬ್ಬರಲ್ಲಿ ಒಬ್ಬರು ಸದಾ ನಡೆಯುತ್ತಲೋ ಓಡುತ್ತಲೋ ಇರುತ್ತಿದ್ದರು, ಇನ್ನೊಬ್ಬರು ಸುಧಾರಿಸಿಕೊಳ್ಳುತ್ತಿರುತ್ತಿದ್ದರು. ಯಾರೂ ಯಾರನ್ನೂ ಎಬ್ಬಿಸುತ್ತಿರಲಿಲ್ಲ.

ಮನಸ್ಸು ಮೃದುವಾದಾಗ ಕೂತು ಅವರೆಕಾಯಿಯನ್ನು ಇನ್ನೊಂದು ಹಿಡಿ ತೆಗೆಯಬಹುದು. ನಡೆಯುವ ಕಾಲು ಹಾಗಲ್ಲ. ಅದಕ್ಕೆ ಕಂಬ ಇದ್ದಲ್ಲಿಯೇ ಇರುತ್ತದೆ. ಸಣ್ಣತಾಯಮ್ಮ ಇದನ್ನು ಯೋಚಿಸಿಯೇ ಮಾಡಿದರೋ, ಸೊಸೆಯ ಒಂಟಿತನ ನೋಡಲಾರದೆ ಎದ್ದರೋ ನಾನು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ಗಿಡ್ಡಪ್ಪನವರು ಬಿಡಲಿಲ್ಲ. "ಏನವ್ವಾ, ಈ ಸಲ ನೀನೂ ಹೆಸ್ರು ಕೊಟ್ಟಿದೀಯಾ?"

"ಕೊಟ್ಟಿವ್ನಿ. ನೀನೂ ಕೊಡು. ನಮ್ಮಿಬ್ರಲ್ಲಿ ಯಾರು ಮೊದ್ಲು ಆಸ್ಪತ್ರೆ ಸೇರ್ತಾರೋ ನೋಡಣ."

ಚಳಿ ಬರುವ ಹೊತ್ತಿಗೆ ಒಂದು ಸಂಗತಿ ನಡೆಯಿತು. ಅದನ್ನು ಯಾರೂ ಯೋಜಿಸಿರಲಿಲ್ಲ. ದಿನವೂ ನಡೆದು ನಡೆದು ಸಣ್ಣತಾಯಮ್ಮನ ಮೊಣಕಾಲು ಸಡಿಲವಾಯಿತು. ವಾಲುವುದು ಕಡಿಮೆಯಾಯಿತು. ಕಂಬ ಬೇಗ ಬೇಗ ಸಿಗತೊಡಗಿತು. ಲತಾಮಣಿಯ ಬಿಡುವು ಅವಳಿಗೆ ಗೊತ್ತಾಗದಷ್ಟು ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತ ಬಂತು. ಗೊತ್ತಾದ ದಿನ ಅವಳು ಬಾಗಿದಲ್ಲಿಂದಲೇ ಕೂಗಿದಳು.

"ಅತ್ತೆ, ನೀವು ಬಿರಬಿರನೆ ನಡೀತಿದೀರ."

"ನನ್ ಕಾಲು ನಂದು. ನೀ ನಿನ್ ಕಾಲ್ ನೋಡ್ಕ."

ಈಗ ಕೊನೆಯ ಸುತ್ತುಗಳಲ್ಲಿ ಅವಳ ಎದೆ ಉರಿಯುತ್ತಿತ್ತು, ತೊಡೆಗಳು ಕಲ್ಲಾಗುತ್ತಿದ್ದವು. ಮುಖದ ಹೊಳಪು ಹೋಯಿತು. ಕಚೇರಿಗೆ ಬಂದರೆ ಟಪಾಲಿನ ಮೇಲೆ ತಲೆಯಿಟ್ಟು ಒಂದು ಕ್ಷಣ ಕಣ್ಣು ಮುಚ್ಚುವಳು. ನಾನು ಕಂಡೂ ಕಾಣದಂತೆ ಇದ್ದೆ. "ಸಲೀಸಾಯ್ತಾ?" ಎಂದು ಒಮ್ಮೆ ಕೇಳಿದಾಗ, "ಇಲ್ಲ ಅಕ್ಕಾ. ಆದ್ರೆ ಕಲ್ಲಾದ ಕಾಲೂ ಓಡುತ್ತೆ ಅಂತ ಗೊತ್ತಾಯ್ತು" ಎಂದಳು.

1999ರ ಜನವರಿ. ಅದೇ ಕ್ರೀಡಾಂಗಣ. ರಜೆ ಇದ್ದುದರಿಂದ ರವಿಕುಮಾರ್ ಮಗನನ್ನು ನೋಡಿಕೊಂಡು ಮನೆಯಲ್ಲಿ ಉಳಿದ. ಸಣ್ಣತಾಯಮ್ಮ ನಮ್ಮ ವ್ಯಾನಿನಲ್ಲಿ ಬಂದರು. ಶಿಳ್ಳೆ ಊದಿದರು. ಮೊದಲ ಸುತ್ತಿನಲ್ಲಿ ಲತಾಮಣಿ ಬಹಳ ಹಿಂದಿದ್ದಳು. ಯಾರ ಬೆನ್ನಿಗೂ ಅಂಟಿಕೊಳ್ಳದೆ, ಹೊರಗಿನ ಗೆರೆಯ ಕಡೆಗೆ ಸರಿದು, ತನ್ನಷ್ಟಕ್ಕೆ ತಾನು ಬರುತ್ತಿದ್ದಳು. ನಮ್ಮವರು ಗೊಣಗಿದರು. "ಹೋದ ವರ್ಷದ್ದೇ ವಾಸಿ ಕಣ್ರೀ" ಎಂದರು ಒಬ್ಬರು. ನನಗೂ ಹಾಗೆಯೇ ಅನ್ನಿಸಿತು.

ಎರಡನೆಯ ಸುತ್ತಿನ ಮೊದಲ ತಿರುವು. ಹಿಂದಿನ ವರ್ಷ ಅವಳು ಸೋತ ಜಾಗ. ಅಲ್ಲಿ ಈ ವರ್ಷ ಬೇರೆಯವರ ಭುಜಗಳು ಮೇಲೆದ್ದವು. ಅವಳು ವೇಗ ಹೆಚ್ಚಿಸಿದಂತೆ ಕಾಣಲಿಲ್ಲ, ಇಳಿಸಲಿಲ್ಲ, ಅಷ್ಟೇ. ಒಬ್ಬೊಬ್ಬರೇ ಅವಳ ಹಿಂದಕ್ಕೆ ಸರಿದರು. ಕೊನೆಯ ನೇರ ದಾರಿಯಲ್ಲಿ ಮುಂದೆ ಉಳಿದವರು ಇಬ್ಬರು: ಹೊಳೆನರಸೀಪುರದ ಕಡೆಯ ಎತ್ತರದ ನರ್ಸ್ ಒಬ್ಬಳು, ಚನ್ನರಾಯಪಟ್ಟಣದ ಟೀಚರ್ ಒಬ್ಬಳು. ನರ್ಸ್ ಯಾರ ಕೈಗೂ ಸಿಗುವಂತಿರಲಿಲ್ಲ. ಟೀಚರ್ ಒಮ್ಮೆ ತಿರುಗಿ ನೋಡಿದಳು. ಹಾಗೆ ನೋಡಿದ್ದೇ ಅವಳ ನಷ್ಟವಾಯಿತು. ಲತಾಮಣಿ ಎರಡನೆಯವಳಾಗಿ ಗೆರೆ ದಾಟಿ, ನಾಲ್ಕು ಹೆಜ್ಜೆ ಮುಂದೆ ಹೋಗಿ ಹುಲ್ಲಿನ ಮೇಲೆ ಬಿದ್ದುಕೊಂಡಳು.

ನಾನು ಹೋಗುವಷ್ಟರಲ್ಲಿ ಸಣ್ಣತಾಯಮ್ಮ ಅಲ್ಲಿದ್ದರು. ರಾಜ್ಯಮಟ್ಟದ ಆಯ್ಕೆಗೆ ವಿವರ ಬರೆಸಿಕೊಳ್ಳುವವರು ಅವಸರದಲ್ಲಿದ್ದರು. "ಏಳಿ ಮೇಡಂ, ಎದ್ದೇಳಿ, ಹೆಸರು ಇಲಾಖೆ ಹೇಳಿ" ಎಂದು ಒಬ್ಬರು ಬಾಗಿದರು. ಸಣ್ಣತಾಯಮ್ಮ ಅವರಿಗೂ ಸೊಸೆಗೂ ನಡುವೆ ಬಂದು ನಿಂತರು.

"ತಾಳಿ ಸ್ವಾಮಿ. ಉಸಿರು ಇಳೀಲಿ. ಓಟ ಮುಗುದೈತೆ."

ಆ ಮನುಷ್ಯ ನನ್ನ ಕಡೆ ನೋಡಿದರು. ನಾನು ಕಾಯಿರಿ ಎಂದೆ. ಅವರು ಕಾದರು. ಲತಾಮಣಿಯ ಪಕ್ಕೆ ಪೂರ್ತಿ ನಿಂತ ಮೇಲೆ ಅವಳೇ ಎದ್ದು ಕುಳಿತು, ತನ್ನ ಹೆಸರನ್ನು ತಂದೆಯ ಊರಿನ ಹೆಸರಿನ ಸಮೇತ ಹೇಳಿದಳು.

ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕೂಟದಲ್ಲಿ ಅವಳು ಮೊದಲ ಹಂತದ ಆಯ್ಕೆಯಲ್ಲಿಯೇ ಹೊರಬಿದ್ದಳು. ತನ್ನ ಗುಂಪಿನಲ್ಲಿ ಕೊನೆಯಿಂದ ಎರಡನೆಯವಳು. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ, ಅವಳಿಗೂ ಕಾಣಲಿಲ್ಲ. ಅವಳು ಕೇಳಿದ್ದದ್ದು ಅಲ್ಲಿಗೆ ಹೋಗುವುದನ್ನು, ತನ್ನ ಕಾಲ ಮೇಲೆ ಹೋಗುವುದನ್ನು. ಆಮೇಲೆ ಬಿಟ್ಟುಬಿಡುತ್ತೇನೆ ಎಂದಿದ್ದಳು, ಬಿಡಲಿಲ್ಲ. ಸ್ಪರ್ಧೆಯಿಲ್ಲದಿದ್ದರೂ ವಾರಕ್ಕೆ ಮೂರು ಬೆಳಿಗ್ಗೆ ಅತ್ತೆ ಸೊಸೆ ಮೈದಾನಕ್ಕೆ ಹೋಗಿ ಬರುತ್ತಲೇ ಇದ್ದರು.

2003ರಲ್ಲಿ ಅವಳಿಗೆ ಬಡ್ತಿಯಾಗಿ ಅರಸೀಕೆರೆಗೆ ವರ್ಗವಾಯಿತು. ಗಂಡನಿಗೂ ಅಲ್ಲಿಂದ ಜಾವಗಲ್ ಅನುಕೂಲ. ಲಾರಿಯಲ್ಲಿ ಸಾಮಾನು ಹೇರಿ ನಾಲ್ವರೂ ಹೊರಟರು. ಚಾಲಕನ ಪಕ್ಕದ ಸೀಟಿನಲ್ಲಿ ಸಣ್ಣತಾಯಮ್ಮ ಕುಳಿತರು.

ಬೇಲೂರಿನಲ್ಲಿ ಅವಳು ಬಿಟ್ಟುಹೋದದ್ದು ಇಷ್ಟು:

ಮನೆಯ ಹಿತ್ತಲಲ್ಲಿ ಕಾಯಿ ಬಿಡಲು ತೊಡಗಿದ ಎರಡು ನುಗ್ಗೆಮರ. ನನಗೆಂದು ಕೊಟ್ಟ, ಕೆಳಗೆ ಸ್ವಲ್ಪ ಸೀದ ಒಂದು ಹಿತ್ತಾಳೆಯ ಪಾತ್ರೆ.

ಮೈದಾನದಲ್ಲಿ ಒಂದು ಗೋಲುಕಂಬದಿಂದ ಇನ್ನೊಂದಕ್ಕೆ ಹುಲ್ಲು ಸವೆದ ಕಾಲುದಾರಿ. ಮುಂದಿನ ಮಳೆಗಾಲದಲ್ಲಿ ಅದು ಮುಚ್ಚಿಹೋಯಿತು.

ಕಾಲೇಜಿನ ಉಗ್ರಾಣದಲ್ಲಿ, ಗೆರೆ ಹಾಕಲೆಂದು ತಾನೇ ತಂದಿಟ್ಟಿದ್ದ ಸುಣ್ಣದ ಅರ್ಧ ಮೂಟೆ.

ಕಚೇರಿಯ ದಾಖಲೆ ಕೋಣೆಯ ಬಾಗಿಲ ಹಿಂದೆ, ಓಟದ ಬಟ್ಟೆಯ ಚೀಲ ತೂಗುಹಾಕಲು ಹೊಡೆದಿದ್ದ ಮೊಳೆ.

ಬೆಳಗಿನ ಹೊತ್ತು ಒಬ್ಬರು ಓಡುವಾಗ ಇನ್ನೊಬ್ಬರು ನಡೆಯುವ ಪದ್ಧತಿ; ವಿದ್ಯಾರ್ಥಿನಿಲಯದಲ್ಲಿ ಕೆಲಸ ಮಾಡುವ ಇಬ್ಬರು ಹೆಂಗಸರು ಈಗಲೂ ಹಾಗೆ ಮಾಡುತ್ತಾರೆ, ಯಾರಿಂದ ಬಂತೆಂದು ಅವರಿಗೆ ತಿಳಿಯದು.

ಮತ್ತು ನಮ್ಮ ಕಚೇರಿಯ ಹೆಂಗಸರು ಕ್ರೀಡಾಕೂಟದ ಸುತ್ತೋಲೆ ಬಂದಾಗ ಇನ್ಯಾರು ಕೊಡುತ್ತಾರೆಂದು ಒಬ್ಬರ ಮುಖ ಒಬ್ಬರು ನೋಡದೆ ತಾವಾಗಿಯೇ ಹೆಸರು ಕೊಡುವ ರೂಢಿ.